ನಲವತ್ತೊಂದು ಸತ್ತಿದೆ ಅಂದುಕೊಂಡಿದ್ದ ಮಳೆಗಾಲ

ಹೋದ ತಿಂಗಳು ದುದ್ದದಲ್ಲಿ ಬಸ್ಸಿಳಿದು, ಆಟೋಗೆ ಕಾಯದೆ ನಮ್ಮೂರಿಗೆ ನಡೆದೇ ಹೋದೆ. ಊರ ಮುಂದೆಯೇ ಹಾಲಿನ ಡೈರಿ. ಸಂಜೆ ಹಾಲಿನ ಹೊತ್ತು. ಒಳಗಿನಿಂದ ಹಸಿ ಹಾಲು, ಕ್ಯಾನು ತೊಳೆಯುವ ಸೋಡಾ, ಬಿಸಿನೀರಿನ ಹಬೆ ಮೂರೂ ಬೆರೆತ ವಾಸನೆ ಬಂತು. ಹಿಂದೆ ಅಪ್ಪನ ಅಂಗಿಗೂ ಇದೇ ವಾಸನೆ ಇರುತ್ತಿತ್ತು. ಅವ್ವ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಮನೆಗೆ ಹೋಗಬೇಕಾದವಳು ಬಾಗಿಲಲ್ಲೇ ನಿಂತೆ. ಆ ಮಳೆಗಾಲ ಇಡಿಯಾಗಿ ನೆನಪಿಗೆ ಬಂತು. ದುಃಖವಾಗಿ ಏನಲ್ಲ. ಗೋಡೆಗೆ ತಗುಲಿ ಹಾಕಿದ ಹಳೇ ಕ್ಯಾಲೆಂಡರು ನೋಡಿದ ಹಾಗೆ.

ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಚನ್ನರಾಯಪಟ್ಟಣದ ಹಾಸ್ಟೆಲ್ಲಿನಲ್ಲಿದ್ದು ಬಿಎಸ್ಸಿ ಮಾಡಿದೆ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದೆ. ಆ ವರ್ಷ ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹಾಸನದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಪಾಠ, ಸಂಜೆ ಪಿಎಚ್‌ಡಿ ಕೆಲಸ. ಅಪ್ಪನ ಹೆಸರು ತಿಮ್ಮಯ್ಯ. ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವನ ಕೆಲಸ, ಹಾಗಾಗಿ ಊರಿಗೆಲ್ಲ ಟೆಸ್ಟರ್ ತಿಮ್ಮಣ್ಣ. ಜೊತೆಗೆ ಒಂದಿಷ್ಟು ಹೊಲ, ಆಲೂಗಡ್ಡೆ, ರಾಗಿ.

ನನ್ನ ಪಿಎಚ್‌ಡಿ ವಿಷಯ ಕೇಳಿದವರಿಗೆಲ್ಲ ಬೇರೆ ಬೇರೆ ಥರ ಹೇಳಿ ಸೋತಿದ್ದೇನೆ. ಅಪ್ಪನಿಗೆ ಹೇಳಿದ ರೀತಿಯೇ ಸರಿಯಾದದ್ದು ಅಂತ ಈಗ ಅನ್ನಿಸುತ್ತದೆ. ಆ ವರ್ಷ ಆಲೂಗಡ್ಡೆ ಬಿತ್ತನೆಯ ಸಮಯ. ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು. ಅಪ್ಪ ಮುದ್ದೆ ಮುರಿಯುತ್ತಾ ಕೇಳಿದ.

“ಅದೇನವ್ವ ಭಾಗ್ಯ, ಆರು ವರ್ಸದಿಂದ ಓದ್ತಾನೇ ಇದೀಯ. ಏನು ಉಡುಕ್ತಾ ಇದೀಯ ಅಂತ ಒಂದ್ಸಲ ನಂಗೂ ಅರ್ಥ ಆಗಂಗೆ ಯೋಳು.”

“ನಮ್ಮ ಸೂರ್ಯನಂಥ ಕೋಟಿ ಕೋಟಿ ನಕ್ಷತ್ರ ಒಟ್ಟಿಗಿರೋ ಗುಂಪಿಗೆ ಗೆಲಾಕ್ಸಿ ಅಂತಾರಪ್ಪ. ಅದೊಂಥರ ನಕ್ಷತ್ರಗಳ ಊರು. ತುಂಬ ದೂರ ಇರೋ ಊರಿಂದ ಬೆಳಕು ಬರಕ್ಕೆ ತುಂಬ ಕಾಲ ಹಿಡೀತದೆ. ಅದಕ್ಕೆ ಈಗ ನಮಗೆ ಕಾಣೋದು ಅದರ ಹಳೇ ಬೆಳಕು. ಜಗತ್ತು ಇನ್ನೂ ಎಳೆ ಮಗು ಆಗಿದ್ದಾಗಿಂದು. ಆ ಕಾಲದ ಊರಲ್ಲಿ ಹೊಸಾ ನಕ್ಷತ್ರ ಹುಟ್ತಾ ಇದ್ವಾ, ನಿಂತೋಗಿತ್ತಾ ಅಂತ ನೋಡೋದು ನನ್ನ ಕೆಲಸ.”

“ಅಷ್ಟು ದೂರದ್ದು ಎಂಗೆ ಗೊತ್ತಾಯ್ತದೆ?”

“ಬೆಳಕನ್ನ ಬಣ್ಣ ಬಣ್ಣವಾಗಿ ಬಿಡಿಸಿದ್ರೆ ಅದ್ರಲ್ಲಿ ಗೆರೆ ಕಾಣ್ತವೆ. ಹೈಡ್ರೋಜನ್‌ಗೆ ಒಂದ್ ಗೆರೆ, ಆಮ್ಲಜನಕಕ್ಕೆ ಜೋಡಿ ಗೆರೆ. ಹೊಸದಾಗಿ ಹುಟ್ಟಿರೋ ದೊಡ್ಡ ನಕ್ಷತ್ರಗಳು ಸುತ್ತಲಿನ ಅನಿಲಾನ ಕಾಯಿಸಿ ಹೊಳೆಯಂಗೆ ಮಾಡ್ತವೆ, ಆಗ ಗೆರೆ ಎದ್ದು ಕಾಣ್ತದೆ. ಅಂಥ ನಕ್ಷತ್ರ ಬಾಳ ದಿನ ಬದುಕಲ್ಲ. ಹುಟ್ಟೋದು ನಿಂತ್ರೆ ಬೇಗ ಗೆರೆ ಮಾಯ. ಮಿಕ್ಕ ನಕ್ಷತ್ರಗಳ ಬೆಳಕು ಮಾತ್ರ ಇರ್ತದೆ.”

ಅಪ್ಪ ಸಾರಿಗೆ ಮುದ್ದೆ ಅದ್ದಿಕೊಂಡು ನುಂಗಿದ. ಆಮೇಲೆ ಅಂದ.

“ಅಂದ್ರೆ ನೀನೂ ಟೆಸ್ಟರ್ರೇ ಅನ್ನು.”

“ಹೂಂ ಕಣಪ್ಪ.”

“ಅದುಕ್ಕೆ ಇಷ್ಟು ವರ್ಸ ಬೇಕಾಯ್ತಾ? ನಾನು ಮೂರು ದಿನದ ಟ್ರೈನಿಂಗ್‌ನಲ್ಲೇ ಕಲ್ತ್ಬುಟ್ಟೆ!”

ಅವ್ವ ಜಯಮ್ಮ ನೀರಿನ ಚೊಂಬು ಹಿಡಿದು ನಿಂತಿದ್ದವಳು ನಕ್ಕಳು. ಅಪ್ಪ ನಗಲಿಲ್ಲ, ಅವನಿಗೆ ಇನ್ನೊಂದು ಅನುಮಾನವಿತ್ತು.

“ಸ್ಯಾಂಪಲ್ ಯಾರು ತಗೀತಾರೆ?”

“ಮೇಲೆ ಬಾಹ್ಯಾಕಾಶದಲ್ಲಿ ಒಂದು ದೊಡ್ಡ ದೂರದರ್ಶಕ ಐತೆ. ಅದು ತಗೀತದೆ. ನಾವು ಇಳಿಸ್ಕೋತೀವಿ.”

“ಕಲಕಿ ತಗೀತದಾ?”

“ಗೆಲಾಕ್ಸೀನ ಕಲಕಕ್ಕಾಯ್ತದೇನಪ್ಪ!” ಅಂತ ನಾನೂ ಜೋರಾಗಿ ನಕ್ಕೆ. ಅಪ್ಪ “ಅಂಗಾ” ಅಂದು ಕೈ ತೊಳೆದುಕೊಂಡ.

ಡೈರಿಯಲ್ಲಿ ಅವನ ಪದ್ಧತಿಯೇ ಹಾಗೆ. ಹಾಲಿಗೆ ಸೌಟು ಹಾಕುವ ಮುಂಚೆ ಉದ್ದ ಹಿಡಿಯ ಕೋಲೊಂದನ್ನು ಕ್ಯಾನಿನ ತಳಕ್ಕೆ ಮುಟ್ಟಿಸಿ, ಮೇಲೆ ಕೆಳಗೆ ಮೂರು ಸಲ ಆಡಿಸುತ್ತಿದ್ದ. ಕೋಲಿನ ತುದಿಗೆ ತೂತುಗಳಿದ್ದ ಒಂದು ಸ್ಟೀಲ್ ಬಿಲ್ಲೆ. ಮೂರು ಸಲ ಆದ ಮೇಲೆ ನೊರೆ ಇಳಿಯುವ ತನಕ ಕಾಯುತ್ತಿದ್ದ. ಆಮೇಲೆಯೇ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಕೊಡುವುದು. ಸರದಿಯಲ್ಲಿದ್ದವರು “ಬಿರ್ರನೆ ಆಗ್ಲಿ ಕಣ್ಲಾ ತಿಮ್ಮಾ, ನೊರೆ ಏನು ನಿಮ್ಮಪ್ಪನ ಮನೇದಾ?” ಅಂತ ರೇಗಿಸಿದರೂ ನೊರೆ ಇಳಿಯದೆ ಅವನು ಸೌಟಿಗೆ ಕೈ ಹಾಕುತ್ತಿರಲಿಲ್ಲ. ಆ ಕೋಲನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದರಲ್ಲಿ ನೋಡಿ ಕಲಿಯುವಂಥದ್ದೇನಿದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಬಿತ್ತನೆ ಮುಗಿದ ಮೇಲೆ ನನಗೆ ಆ ಗೆಲಾಕ್ಸಿ ಸಿಕ್ಕಿತು. ಪಟ್ಟಿಯಲ್ಲಿ ಅದಕ್ಕೊಂದು ಉದ್ದನೆಯ ಸಂಖ್ಯೆ. ಕೊನೆಯ ಎರಡಂಕಿ ನಲವತ್ತೊಂದು, ಹಾಗಾಗಿ ನಾನೂ ನಮ್ಮ ಗೈಡೂ ನಲವತ್ತೊಂದು ಅಂತಲೇ ಕರೆಯುತ್ತಿದ್ದೆವು. ವಿಶ್ವಕ್ಕೆ ಈಗಿನ ವಯಸ್ಸಿನ ಹದಿನೈದರಲ್ಲಿ ಒಂದು ಪಾಲೂ ಆಗಿರದ ಕಾಲದ ಬೆಳಕು ಅದು. ಆ ವಯಸ್ಸಿನ ಗೆಲಾಕ್ಸಿಗಳಲ್ಲಿ ಸಾಮಾನ್ಯವಾಗಿ ಗೆರೆಗಳು ಚುಚ್ಚುವ ಹಾಗೆ ಎದ್ದು ನಿಂತಿರುತ್ತವೆ. ಇದರಲ್ಲಿ ಬೆಳಕು ಚೆನ್ನಾಗಿತ್ತು, ಗೆರೆಯೇ ಇರಲಿಲ್ಲ. ಅಂದರೆ ನಕ್ಷತ್ರ ಹುಟ್ಟುವುದು ನಿಂತುಬಿಟ್ಟಿದೆ. ಅಷ್ಟು ಎಳೆಯ ಪ್ರಾಯದಲ್ಲೇ.

ನಮ್ಮ ಗೈಡು ಹೊಳೆನರಸೀಪುರದ ಪುರೋಹಿತರ ಮನೆತನದವರು. ಹಾಸನದಲ್ಲಿ ಮನೆ ಮಾಡಿಕೊಂಡಿದ್ದರು. ಮಾತಿಗೆ ಮುಂಚೆ ಕನ್ನಡಕ ಒರೆಸಿಕೊಳ್ಳುವ ಅಭ್ಯಾಸ. ಅವತ್ತು ಒರೆಸದೆಯೇ ಪರದೆ ನೋಡಿ, “ಭಾಗ್ಯ, ಇದು ಸತ್ತಿದೆ ಕಣಮ್ಮ! ಇದೇ ನಿನ್ನ ಕೊನೇ ಅಧ್ಯಾಯ” ಅಂದರು. ನನ್ನ ನೋಂದಣಿಯ ಅವಧಿ ಒಮ್ಮೆ ವಿಸ್ತರಣೆಯಾಗಿ ಅದೂ ಮುಗಿಯುತ್ತಾ ಬಂದಿತ್ತು. ಸೆಪ್ಟೆಂಬರ್ ಕೊನೆಯೊಳಗೆ ಪ್ರಬಂಧದ ಸಾರಾಂಶ ಕೊಡಬೇಕು. ಇಲ್ಲದಿದ್ದರೆ ಆರು ವರ್ಷದ ಓದು ಹೋದ ಹಾಗೆ. ಕೊಡಲು ನನ್ನ ಬಳಿ ಇದ್ದ ಗಟ್ಟಿ ಸಂಗತಿ ನಲವತ್ತೊಂದರ ಸಾವೊಂದೇ. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. “ಪಾಪ, ಅಷ್ಟು ಬೇಗನಾ?” ಅಂದ. ಆಮೇಲೆ, “ಅಂಗಾರೆ ಡಾಕ್ಟ್ರು ಆಗೋದು ಗ್ಯಾರಂಟಿ ಅನ್ನು” ಅಂತ ಖುಷಿಪಟ್ಟ.

ಅದಾಗಿ ಒಂಬತ್ತನೇ ದಿನ, ಆಷಾಢ ಹಿಡಿದಿತ್ತು, ನಾನು ಕಾಲೇಜಿನ ಪ್ರಯೋಗಾಲಯದಲ್ಲಿ ಸ್ಪೆಕ್ಟ್ರೋಮೀಟರ್ ಪ್ರಯೋಗ ಮಾಡಿಸುತ್ತಿದ್ದೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ದೀಪ ಹಚ್ಚಿ, ಅದರ ಬೆಳಕನ್ನು ಗೆರೆಗಳಾಗಿ ಒಡೆದು ಕೋನ ಅಳೆಯುವುದು. ಫೋನು ನಡುಗಿತು. ಡೈರಿ ಸೆಕ್ರೆಟರಿ ಸೋಮಣ್ಣ. ನಮ್ಮ ಮನೆಯ ಪಕ್ಕದವನೂ ಹೌದು.

“ಭಾಗ್ಯ, ನಿಮ್ಮಪ್ಪ… ಬೆಳಗಿನ ಆಲು ಮುಗಿಸಿ ಬೆಂಚ್ ಮೇಲೆ ಕುಂತವ್ನು ಅಂಗೇ ವಾಲ್ಬುಟ್ಟ ಕಣವ್ವ. ಆಸ್ಪತ್ರೆಗೆ ತಂದೋ. ಇಲ್ಲ ಅಂದ್ರು. ನೀನು ಆಸನಕ್ಕೆ ಬರ್ಬೇಡ, ಸೀದಾ ಊರಿಗೆ ಬಾ.”

“ಬತ್ತೀನಣ್ಣ” ಅಂದೆ.

ಆಮೇಲೆ ನಾನು ಮಾಡಿದ್ದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ. ವಿದ್ಯಾರ್ಥಿನಿಯೊಬ್ಬಳು ಹಸಿರು ಗೆರೆಗೆ ಗುರಿ ಹಿಡಿದು ಕಾಯುತ್ತಿದ್ದಳು. ನಾನು ಬಗ್ಗಿ ಅಳತೆ ಓದಿ ಹೇಳಿದೆ. ಅವಳು ಬರೆದುಕೊಂಡಳು. ಇನ್ನೊಂದು ಬದಿಯ ಅಳತೆಯನ್ನೂ ಓದಿ ಹೇಳಿದೆ. ಮುಂದಿನ ಗೆರೆ ನೀವೇ ನೋಡಿ ಅಂತ ಹೇಳಿ, ಚೀಲ ತಗೊಂಡು ಹೊರಗೆ ಬಂದೆ. ಹೊರಗಿನ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೇ ಆದದ್ದು.

ಮಣ್ಣಾಯಿತು. ಮೂರನೇ ದಿನ ಹಾಲು ತುಪ್ಪ. ಗುಡ್ಡೆಯ ಮೇಲೆ ಹಾಲು ಬಿಡಲು ಊರಿನ ಅರ್ಧ ಜನ ಬಂದಿದ್ದರು. ಅಪ್ಪ ಎಷ್ಟು ವರ್ಷ ಯಾರ್ಯಾರ ಹಾಲು ನೋಡಿದ್ದನೋ ಅವರೆಲ್ಲ ಒಂದೊಂದು ಲೋಟ ತಂದಿದ್ದರು. ಹಸಿ ಮಣ್ಣು ಹಾಲನ್ನು ಕುಡಿಯಲು ಆಗದೆ ಬಿಳಿ ನೀರು ಕಾಲುವೆಯಾಗಿ ಹರಿಯಿತು. ಹೆಂಗಸರು ಗೋಳಾಡಿದರು. ನನಗೆ ಅಳು ಬರಲಿಲ್ಲ. ಬರದೇ ಇರುವುದಕ್ಕೆ ಗಾಬರಿಯೂ ಆಗಲಿಲ್ಲ. ಹನ್ನೊಂದನೇ ದಿನದ ತಿಥಿಗೆ ಎಲೆ ಎಷ್ಟು ಬೇಕು, ಅಕ್ಕಿ ಎಷ್ಟು ನೆನೆಸಬೇಕು ಅಂತ ಕೇಳಿದವರಿಗೆಲ್ಲ ಸರಿಯಾಗಿ ಹೇಳಿದೆ.

“ಓದಿದೋಳು, ಕಲ್ಲು” ಅಂತ ಹಿತ್ತಿಲಲ್ಲಿ ಯಾರೋ ಅಂದದ್ದು ಕೇಳಿಸಿತು. ಅವ್ವ ಒಂದು ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, “ಒಂದ್ಸಲ ಅತ್ಬುಡವ್ವ. ಮೈಗೆ ಒಳ್ಳೇದು” ಅಂದಳು, ಕಷಾಯ ಕುಡಿ ಅನ್ನುವ ಹಾಗೆ. ನಾನು ಆಗಲಿ ಅಂದೆ. ಅವಳು ಕಾದಳು. ಆಮೇಲೆ ಜಡೆ ಹೆಣೆದು ಮುಗಿಸಿದಳು.

ತಿಥಿ ಮುಗಿದ ಮೇಲೆ ಹಾಸನದ ಕೋಣೆಗೆ ಹೋಗದೆ ಊರಿಂದಲೇ ಓಡಾಡತೊಡಗಿದೆ. ಸೋಮಣ್ಣ ಮನೆಗೆ ಬಂದ.

“ಹೊಸ ಟೆಸ್ಟರ್ ರಮೇಶ ಟ್ರೈನಿಂಗ್‌ಗೆ ಓಗವ್ನೆ, ಈಗೆಲ್ಲ ತಿಂಗಳ ಟ್ರೈನಿಂಗಂತೆ. ನಂಗೆ ಕಣ್ಣಾಪ್ರೇಸನ್ ಆಗಿ ಮಿಸಿನ್ನಿನ ನಂಬ್ರ ಕಾಣಕಿಲ್ಲ. ಅವ್ನು ಬರೋಗಂಟ ಬೆಳಗಿನೊತ್ತು ನೀನು ನೋಡ್ಕೊಟ್ರೆ… ನಿಂಗೇನು, ಆಕಾಸದ್ದೇ ಟೆಸ್ಟ್ ಮಾಡೋಳು.”

ಒಪ್ಪಿಕೊಂಡೆ. ಬೇಡ ಅನ್ನಲು ಕಾರಣ ಹುಡುಕುವುದೂ ಒಂದು ಕೆಲಸ. ಬೆಳಿಗ್ಗೆ ಆರಕ್ಕೆ ಡೈರಿ, ಏಳೂವರೆಗೆ ಬಸ್ಸು, ಪಾಠ, ವಾಪಸ್ಸು ಬಂದು ಲ್ಯಾಪ್‌ಟಾಪಿನ ಮುಂದೆ ನಲವತ್ತೊಂದು. ಸಾರಾಂಶ ಬರೆಯುತ್ತಿದ್ದೆ. ‘ನಕ್ಷತ್ರ ಸೃಷ್ಟಿ ಸಂಪೂರ್ಣ ಸ್ಥಗಿತಗೊಂಡಿದೆ’ ಅನ್ನುವ ವಾಕ್ಯ ಸರಾಗವಾಗಿ ಬಂತು. ಮಳೆ ಸುರಿಯುತ್ತಿತ್ತು. ಹೊಲದಲ್ಲಿ ಆಲೂಗಡ್ಡೆ ಗಿಡ ಅಪ್ಪ ಇದ್ದಾಗ ಹೇಗಿತ್ತೋ ಹಾಗೇ ಬೆಳೆಯುತ್ತಿತ್ತು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕರೆಂಟು ಹೋಯಿತು. ಯಂತ್ರ ನಿಂತಿತು. ಜನ ಕ್ಯಾನುಗಳನ್ನು ಸಾಲಾಗಿ ಇಟ್ಟು ಜಗಲಿಯ ಮೇಲೆ ಕೂತರು. ಒಂದು ಗಂಟೆಗೂ ಮೇಲಾಯಿತು. ಕರೆಂಟು ಬಂದಾಗ ನನ್ನ ಬಸ್ಸಿನ ಸಮಯ ಹತ್ತಿರವಾಗಿತ್ತು. ನಾನು ಸೌಟು ಅದ್ದಿದೆ, ಯಂತ್ರಕ್ಕೆ ಕೊಟ್ಟೆ, ಓದಿದೆ, ಸೋಮಣ್ಣನ ಸೊಸೆ ಬರೆದುಕೊಂಡಳು. ಮುಂದಿನದು. ಮುಂದಿನದು. ಎಲ್ಲರ ಹಾಲಿನ ಫ್ಯಾಟೂ ಅವತ್ತು ಹೆಚ್ಚು. ಕೊಬ್ಬಿನಂಶ ಹೆಚ್ಚಿದ್ದಷ್ಟೂ ಹಾಲಿಗೆ ದುಡ್ಡು ಹೆಚ್ಚು. ಜಗಲಿಯಲ್ಲಿ ನಗು ಶುರುವಾಯಿತು.

“ಭಾಗ್ಯವ್ವನ ಕೈಗುಣ ಕಣ್ರಲಾ!”

“ಶ್ರಾವಣ ಮಾಸದ ಉಲ್ಲು ಮೇದವೆ, ಸುಮ್ನೆನಾ?”

ಸಣ್ಣಮ್ಮಜ್ಜಿಯ ಸರದಿ ಬಂತು. ಒಂದೇ ಹಸುವಿನವಳು. ಗಂಡನೂ ಇಲ್ಲ, ಹಲ್ಲೂ ಇಲ್ಲ. ನಾನು ಅಂಕಿ ಓದಿದೆ. ಅವಳು ಕ್ಯಾನು ಎತ್ತಲಿಲ್ಲ.

“ಇನ್ನೊಂದ್ಸಲ ನೋಡವ್ವ.”

“ಯಾಕಜ್ಜಿ? ಚೆನ್ನಾಗೇ ಬಂದೈತಲ್ಲ.”

“ಅದುಕ್ಕೇ ಯೋಳಿದ್ದು. ನನ್ ಅಸ ಇಷ್ಟು ಯಾವತ್ತೂ ಕೊಟ್ಟಿಲ್ಲ. ನೀನು ಕಲಕ್ನೇ ಇಲ್ಲ. ಮ್ಯಾಲಿನ ಕೆನೆ ತಗ್ದೆ.”

ಹಿಂದಿನಿಂದ ಯಾರೋ ಕೂಗಿದರು. “ಸುಮ್ಕೆ ಓಗಮ್ಮೋ! ಬಂದಿದ್ದ ಬ್ಯಾಡ ಅಂತಾಳೆ ಮುದ್ಕಿ.”

ಸಣ್ಣಮ್ಮಜ್ಜಿ ತಿರುಗಿ ನಿಂತಳು. “ನಿಮ್ಗೇನ್ಲಾ ಗೊತ್ತು? ನಾಳಿಕ್ಕೆ ರಮೇಶ ಬತ್ತಾನೆ, ಕಲಕಿ ನೋಡ್ತಾನೆ, ಕಮ್ಮಿ ಬತ್ತದೆ. ಆಗ ಏನಂತೀರ? ಸಣ್ಣಮ್ಮ ಆಲಿಗೆ ನೀರು ಉಯ್ದವ್ಳೆ ಅಂತೀರ. ಇವತ್ತಿನ ಜಾಸ್ತೀನೇ ನಾಳೆ ನನ್ ಮಾನ ತಗೀತದೆ.” ಆಮೇಲೆ ನನ್ನ ಕಡೆ ನೋಡಿ ದನಿ ತಗ್ಗಿಸಿದಳು. “ನಿಮ್ಮಪ್ಪ ಒಂದಿನ ಕಲಕ್ದೆ ತಗ್ದವ್ನಲ್ಲ ಕಣವ್ವ. ಜ್ವರ ಬಂದಾಗ್ಲೂ.”

ಕೋಲು ನನ್ನ ಪಕ್ಕದಲ್ಲೇ, ಮೊಳೆಗೆ ತೂಗುತ್ತಿತ್ತು. ಅಷ್ಟು ದಿನವೂ ಅದನ್ನು ದಿನಾ ಮುಟ್ಟಿದ್ದೆ. ಅವತ್ತು ಮರೆತಿದ್ದೆ. ಅದು ಅಲ್ಲಿದ್ದದ್ದು ಕಾಣಲೇ ಇಲ್ಲ. ಕಲಕಿದೆ. ಮೂರು ಸಲ. ನೊರೆ ಇಳಿಯಲು ಬಿಟ್ಟೆ. ಮತ್ತೆ ನೋಡಿದೆ. ಎಂದಿನ ಅಂಕಿ ಬಂತು. “ಇದು ನನ್ ಅಸೀಂದು” ಅಂದು ಅಜ್ಜಿ ಕ್ಯಾನು ಬಗ್ಗಿಸಿದಳು. ಬರೆದದ್ದನ್ನೆಲ್ಲ ಹೊಡೆದು ಹಾಕಿ, ಎಲ್ಲರದೂ ಇನ್ನೊಮ್ಮೆ ನೋಡಲು ಕೂತೆ. ಕೆಲವರ ಹಾಲು ಆಗಲೇ ದೊಡ್ಡ ಕ್ಯಾನಿಗೆ ಸೇರಿಹೋಗಿತ್ತು. ಅವರಿಗೆ ಹಿಂದಿನ ದಿನದ ಅಂಕಿಯನ್ನೇ ಹಾಕುವುದು ಅಂತ ಸೋಮಣ್ಣ ತೀರ್ಮಾನ ಮಾಡಿದ. ಗೊಣಗಾಟ ಕೇಳಲಾರದಷ್ಟಿತ್ತು. ಬಸ್ಸು ಹೋಯಿತು. ಅವತ್ತು ಕಾಲೇಜಿಗೆ ರಜೆ ಹಾಕಿದೆ.

ಮನೆಗೆ ಬಂದು ಕೈಕಾಲು ತೊಳೆದು ಲ್ಯಾಪ್‌ಟಾಪು ತೆರೆದೆ. ಆ ದೂರದರ್ಶಕದಲ್ಲಿ ಕೂದಲೆಳೆಯ ಅಗಲದ ಪುಟ್ಟ ಪುಟ್ಟ ಬಾಗಿಲುಗಳಿವೆ. ಯಾವ ಗೆಲಾಕ್ಸಿ ಬೇಕೋ ಅದರ ಮೇಲಿನ ಬಾಗಿಲು ಮಾತ್ರ ತೆರೆದು, ಅಲ್ಲಿಂದ ಬಂದ ಬೆಳಕನ್ನಷ್ಟೇ ಒಡೆದು ನೋಡುತ್ತಾರೆ. ನಾನು ಗೆರೆ ಹುಡುಕಿದ್ದೆ, ಅಳೆದಿದ್ದೆ, ತಪ್ಪುಗಳ ಲೆಕ್ಕ ಹಾಕಿದ್ದೆ. ಬಾಗಿಲು ಎಲ್ಲಿ ಕೂತಿತ್ತು ಅಂತ ಚಿತ್ರದ ಮೇಲೆ ಇಟ್ಟು ನೋಡಿರಲಿಲ್ಲ. ಆ ಮಧ್ಯಾಹ್ನ ಇಟ್ಟು ನೋಡಿದೆ.

ನಲವತ್ತೊಂದು ಚಿತ್ರದಲ್ಲಿ ಸ್ವಲ್ಪ ಉದ್ದನೆಯ ಮಸುಕು ಚುಕ್ಕೆ. ಬಾಗಿಲು ಅದರ ಒಂದು ಮಗ್ಗುಲಿನ ಮೇಲಿತ್ತು. ಇನ್ನೊಂದು ಮಗ್ಗುಲು ಬಾಗಿಲಿನ ಹೊರಗೆ. ನೋಡಿದರೆ ಅಲ್ಲಿ ಒಂದು ಪುಟ್ಟ ಗಂಟಿನಂಥ ಬೆಳಕು. ಅದೇ ಆಕಾಶದ ತುಂಡನ್ನು ಬೇರೊಂದು ತಂಡ ಬೇರೆ ಕೋನದಿಂದ ನೋಡಿತ್ತು. ಅವರ ಪಟ್ಟಿಯಲ್ಲಿ ಸಂಖ್ಯೆ ಬೇರೆ. ಹಾಗಾಗಿ ಅದೇ ಗೆಲಾಕ್ಸಿ ಅಂತ ನಾನು ಗಮನಿಸಿರಲಿಲ್ಲ. ಅವರ ಬಾಗಿಲು ಆ ಗಂಟಿನ ಮೇಲೇ ಬಿದ್ದಿತ್ತು. ಆ ಮಾಹಿತಿ ಇಳಿಸಿಕೊಂಡು ತೆರೆದೆ.

ಆಮ್ಲಜನಕದ ಜೋಡಿ ಗೆರೆ, ಒಂದು ಎತ್ತರ, ಪಕ್ಕದ್ದು ಅದರ ಮೂರರಲ್ಲಿ ಒಂದು ಪಾಲು. ಆಚೆಗೆ ಹೈಡ್ರೋಜನ್ ಗೆರೆ. ಅದೇ ದೂರ, ಅದೇ ಕಾಲ. ನಲವತ್ತೊಂದು ಸತ್ತಿರಲಿಲ್ಲ. ನಾನು ಕಲಕದೆ ತೆಗೆದಿದ್ದೆ.

ಕಲಕಿ ತಗೀತದಾ ಅಂತ ಅಪ್ಪ ಕೇಳಿದ್ದ. ನಾನು ನಕ್ಕಿದ್ದೆ. ಅದು ನೆನಪಾಯಿತು. ಆಗಲಾದರೂ ಅಳು ಬರಬಹುದು ಅಂತ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬರಲಿಲ್ಲ. ಎದ್ದು ಅವ್ವನ ಜೊತೆ ಕಾಳು ಬಿಡಿಸಿದೆ.

ಭಾನುವಾರ ಗೈಡ್ ಮನೆಗೆ ಹೋದೆ. ಅವರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಮತ್ತೆ ಒರೆಸಿದರು.

“ಭಾಗ್ಯ, ಇದನ್ನ ನೀನು ಸಾರಾಂಶ ಕೊಟ್ಟಾದ ಮೇಲೆ, ಅಕ್ಟೋಬರ್‌ನಲ್ಲಿ ನೋಡಬಹುದಾಗಿತ್ತಲ್ಲಮ್ಮ.”

ನಾನು ಎರಡನೇ ಚಿತ್ರವನ್ನು ಅವರ ಕಡೆ ಇನ್ನಷ್ಟು ಸರಿಸಿದೆ.

“ತಪ್ಪು ತಿಳೀಬೇಡ. ಸಾರಾಂಶ ಮೊದಲು ಹೋಗಲಿ. ಪ್ರಬಂಧ ಬರೆಯುವಾಗ ತಿದ್ದಿದರಾಯ್ತು. ಈಗ ಹೊಸದಾಗಿ ಎರಡೂ ಸೇರಿಸಿ ವಿಶ್ಲೇಷಣೆ ಮಾಡೋಕೆ ವರ್ಷ ಬೇಕು. ನಿನ್ನ ಹತ್ತಿರ ವರ್ಷ ಇಲ್ಲ. ಆರು ವರ್ಷದ ಶ್ರಮ. ನಿಮ್ಮನೆಯಲ್ಲಿ ಮೊದಲನೆಯವಳು ನೀನು.”

“ನಾಳೆ ಬೇರೆಯವರು ಕಲಕಿ ನೋಡ್ತಾರೆ ಸರ್” ಅಂದೆ.

“ಏನು?”

“ಎರಡೂ ಮಾಹಿತಿ ಎಲ್ಲರಿಗೂ ಸಿಗೋ ಹಾಗಿದೆ. ಯಾರಾದರೂ ಸೇರಿಸಿ ನೋಡ್ತಾರೆ. ಆಗ ಇದು ತಪ್ಪಲ್ಲ, ಮೋಸ ಅನ್ನಿಸ್ಕೊಳ್ಳುತ್ತೆ. ನಮ್ಮ ಮನೆಯಲ್ಲಿ ಮೊದಲನೆಯವಳು ನಾನು ಸರ್. ನನ್ನ ಮೇಲೆ ಬಿದ್ದ ಮಾತು ನನ್ನ ಮೇಲೆ ಮಾತ್ರ ಬೀಳಲ್ಲ.”

ಒಳಗಿನಿಂದ ಅವರ ಹೆಂಡತಿ ಕಾಫಿ ತಂದಿಟ್ಟರು. ಗೈಡು ಲೋಟ ಖಾಲಿ ಮಾಡಿ ಕೆಳಗಿಟ್ಟರು. ಆಮೇಲೆ ಎದ್ದು ಒಳಗೆ ಹೋಗಿ ಅರ್ಜಿಯ ನಮೂನೆ ತಂದರು. ಎರಡನೇ ವಿಸ್ತರಣೆ ವಿಶೇಷ ಕಾರಣವಿದ್ದರೆ ಮಾತ್ರ. ಕಾರಣಗಳ ಪಟ್ಟಿಯಲ್ಲಿ ಕಾಯಿಲೆ ಇತ್ತು, ಹೆರಿಗೆ ಇತ್ತು, ಕುಟುಂಬದವರ ಮರಣ ಇತ್ತು. ಗೆಲಾಕ್ಸಿ ಬದುಕಿರುವುದು ಗೊತ್ತಾದರೆ ಏನು ಮಾಡಬೇಕು ಅಂತ ಇರಲಿಲ್ಲ.

“ಸುಳ್ಳೇನಲ್ಲವಲ್ಲಮ್ಮ” ಅಂದರು, ನನ್ನ ಮುಖ ನೋಡದೆ.

ಬರೆದೆ. ಕಾರಣ: ತಂದೆಯ ಮರಣ. ಅಲ್ಲಿಯವರೆಗೆ ಆ ಎರಡು ಪದವನ್ನು ನನ್ನ ಕೈಯಾರೆ ಎಲ್ಲೂ ಬರೆದಿರಲಿಲ್ಲ. ಅಕ್ಷರ ಚೆನ್ನಾಗಿಯೇ ಬಂತು. ಮರಣ ಪ್ರಮಾಣಪತ್ರದ ನಕಲನ್ನು ಅವ್ವ ಟ್ರಂಕಿನಿಂದ ತೆಗೆದುಕೊಟ್ಟಳು. ಯಾಕೆ ಅಂತ ಹೇಳಿದೆ. ಅವಳು ಅದನ್ನು ಸೆರಗಿನಲ್ಲಿ ಒರೆಸಿ ಕೈಗಿಟ್ಟು, “ಓದಿಸ್ತೀನಿ ಅಂದಿದ್ದ, ಓದಿಸ್ತಾ ಅವ್ನೆ” ಅಂದಳು. ಕೆಲವು ವಾರದ ಮೇಲೆ ಒಂದು ವರ್ಷ ಸಿಕ್ಕಿತು. ಅದನ್ನು ಅಪ್ಪನೇ ಕೊಡಿಸಿದ ಅಂತ ನಾನು ಅವತ್ತೂ ನಂಬಿದ್ದೆ, ಇವತ್ತೂ ನಂಬುತ್ತೇನೆ.

ಆಲೂಗಡ್ಡೆ ಕಿತ್ತೆವು. ಮಳೆ ಹೆಚ್ಚಾಗಿ ಸ್ವಲ್ಪ ಕೊಳೆತಿತ್ತು, ಮಿಕ್ಕಿದ್ದು ಚೆನ್ನಾಗಿತ್ತು. ಮಹಾಲಯದ ಹೊತ್ತಿಗೆ ಮಳೆ ಹಿಂದಾಯಿತು. ಹಿರಿಯರಿಗೆ ಎಡೆ ಇಡುವ ದಿನ ಅವ್ವ ಅಪ್ಪನ ಹೊಸ ಪಂಚೆ ಇಟ್ಟಳು. ಮುದ್ದೆ, ಅವರೆಕಾಳು ಸಾರು, ಅವನೇ ಬಿತ್ತಿದ್ದ ಆಲೂಗಡ್ಡೆಯ ಪಲ್ಯ. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲುವ ಮುಂಚೆ ಸಣ್ಣಮ್ಮಜ್ಜಿ ಒಂದು ಲೋಟ ಹಾಲು ಹಿಡಿದು ಬಂದಳು. ಎಡೆಯ ಮುಂದೆ ಇಟ್ಟು, “ಕಲಕಿ ತಂದಿವ್ನಿ ಕಣಪ್ಪ, ಅನುಮಾನ ಪಡ್ಬೇಡ” ಅಂದಳು. ಎಲ್ಲರೂ ನಕ್ಕರು. ಅವ್ವ ನಗುತ್ತಲೇ ಅತ್ತಳು. ನಾನು ಬಾಗಿಲು ಎಳೆದೆ.

ಮುಂದಿನ ವರ್ಷವೆಲ್ಲ ಎರಡು ಬಾಗಿಲಿನ ಬೆಳಕನ್ನು ಸೇರಿಸುವುದರಲ್ಲೇ ಹೋಯಿತು. ಒಂದು ಮಗ್ಗುಲಲ್ಲಿ ಹುಟ್ಟು ನಿಂತಿದೆ, ಇನ್ನೊಂದು ಮಗ್ಗುಲಲ್ಲಿ ನಡೆಯುತ್ತಿದೆ. ನಿಂತ ಕಡೆ ಮತ್ತೆ ಶುರುವಾಗುತ್ತದೋ ಇಲ್ಲವೋ ಬೆಳಕು ಹೇಳುವುದಿಲ್ಲ. ಅಷ್ಟನ್ನೇ ಬರೆದೆ. ಸತ್ತ ಗೆಲಾಕ್ಸಿಯಷ್ಟು ದೊಡ್ಡ ಸುದ್ದಿ ಅದಲ್ಲ. ಪ್ರಬಂಧ ಒಪ್ಪಿಗೆಯಾಯಿತು. ಹೋದ ತಿಂಗಳು ನಾನು ಊರಿಗೆ ಹೋಗಿದ್ದು ಆ ಆದೇಶದ ಕಾಗದವನ್ನು ಅವ್ವನ ಕೈಗೆ ಕೊಡಲು. ಡೈರಿಯ ಬಾಗಿಲಲ್ಲಿ ನಿಂತಾಗ ಅದು ನನ್ನ ಚೀಲದಲ್ಲೇ ಇತ್ತು.

ಸಾಲಿನಲ್ಲಿ ಸಣ್ಣಮ್ಮಜ್ಜಿ ಇದ್ದಳು. ಬೆನ್ನು ಇನ್ನಷ್ಟು ಬಾಗಿತ್ತು.

“ಡಾಕ್ಟ್ರಮ್ಮ ಬಂದ್ಬುಟ್ಳು! ಸೂಜಿ ಚುಚ್ತೀಯೇನವ್ವ?”

“ನಾನು ಆ ಡಾಕ್ಟ್ರಲ್ಲ ಅಜ್ಜಿ.”

“ಗೊತ್ತು ಬುಡು. ನಿಮ್ಮಪ್ಪ ಯೋಳ್ತಿದ್ನಲ್ಲ, ಆ ಸತ್ತೋಗಿದ್ದ ನಕ್ಸತ್ರದೂರು ಏನಾಯ್ತು?”

“ಸತ್ತಿರ್ನಿಲ್ಲ. ನಾನು ನೋಡಿದ ಕಡೆ ಕಾಣ್ನಿಲ್ಲ, ಅಷ್ಟೆ.”

“ಅಂಗನ್ನು” ಅಂದು ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಕ್ಯಾನು ಮುಂದಕ್ಕೆ ಇಟ್ಟಳು.

ರಮೇಶ ಮೊಳೆಯಿಂದ ಕೋಲು ತೆಗೆದುಕೊಂಡ. ಅದೇ ಕೋಲು. ಹಿಡಿಯ ಹತ್ತಿರ ಅಪ್ಪನ ಹೆಬ್ಬೆರಳು ಕೂರುತ್ತಿದ್ದ ಜಾಗ ಇನ್ನೂ ನುಣುಪಾಗಿತ್ತು. ಕ್ಯಾನಿನ ತಳಕ್ಕೆ ಮುಟ್ಟಿಸಿದ. ಮೇಲೆ, ಕೆಳಗೆ. ಒಂದು. ಎರಡು. ಮೂರು. ತಕ್ಷಣ ಸೌಟಿಗೆ ಕೈ ಹಾಕಿದ.

“ನೊರೆ ಇಳೀಲಿ ಕಣಣ್ಣ” ಅಂದೆ.

ದನಿ ನನ್ನದಲ್ಲದ ಹಾಗೆ ಬಂತು. ರಮೇಶ ತಿರುಗಿ ನೋಡಿದ. ಸೌಟು ಹಿಡಿದಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದ. ಸಾಲಿನಲ್ಲಿದ್ದ ಯಾರೂ ಅವಸರ ಮಾಡಲಿಲ್ಲ, ಯಾರೂ ರೇಗಿಸಲಿಲ್ಲ. ಸಣ್ಣಮ್ಮಜ್ಜಿ ನನ್ನ ಮೊಣಕೈ ಹಿಡಿದುಕೊಂಡಳು. ಕ್ಯಾನಿನಲ್ಲಿ ಬಿಳಿಯ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿದ್ದವು. ನೊರೆ ಪೂರ್ತಿ ಇಳಿಯುವ ತನಕ ಎಲ್ಲರೂ ಹಾಗೇ ನಿಂತಿದ್ದೆವು.